ಪಾನಡಬ್ಬಿಯ ವಾಚುಗಳು

ಮನೆ ತುಂಬ ವಾಚು ಇಟ್ಟುಕೊಂಡವರ ಹೆಂಡತಿ ಪಕ್ಕದ ಮನೆಯ ಹಿತ್ತಲ ಬಾಗಿಲಿಗೆ ಬಂದು “ಗಂಟಿ ಎಷ್ಟಾತವಾ ತಂಗೀ?” ಎಂದು ಕೇಳಿದರೆ ಏನೆಂದುಕೊಳ್ಳಬೇಕು? ನಾವು ಹಿಂದವಾಡಿಗೆ ಬಾಡಿಗೆಗೆ ಬಂದ ಮೊದಲ ಮಳೆಗಾಲದಲ್ಲಿ ಹೀಗೇ ಆಯಿತು. ನಮ್ಮಲ್ಲಿದ್ದದ್ದು ಒಂದೇ ಒಂದು ಮೇಜಿನ ಗಡಿಯಾರ. ಮದುವೆಯಲ್ಲಿ ಮಾವನ ಮನೆಯವರು ಕೊಟ್ಟದ್ದು; ಅದರ ಅಲಾರಾಂ ಬಾರಿಸಬೇಕಾದಾಗ ಸುಮ್ಮನಿದ್ದು, ಸುಮ್ಮನಿರಬೇಕಾದಾಗ ಬಾರಿಸುತ್ತಿತ್ತು. ಅದನ್ನೇ ನೋಡಿ ನನ್ನ ಹೆಂಡತಿ ಗಂಟೆ ಹೇಳುವಳು. ಪಕ್ಕದ ಮನೆಯಾಕೆ, ನಾವು ಅಕ್ಕ ಎಂದು ಕರೆಯುತ್ತಿದ್ದವರು, ಸೆರಗು ಸರಿಮಾಡಿಕೊಂಡು, ಬಾಗಿಲಾಚೆಯ ಮಳೆಯನ್ನೊಮ್ಮೆ ನೋಡಿ ಹೊರಟುಹೋಗುವರು.

“ಕುಂಬಾರರ ಮನಿಯವ್ರು ಗಡಿಗಿ ಕಡಾ ಕೇಳಧಂಗಾತು ನೋಡ್ರಿ ಇದು,” ಎಂದು ನನ್ನ ಹೆಂಡತಿ ನಗುತ್ತಿದ್ದಳು. ನನಗೂ ನಗುವೇ ಬರುತ್ತಿತ್ತು.

ಆ ಮನೆಯ ಯಜಮಾನರು ಮೊನ್ನೆ ತೀರಿಕೊಂಡರಂತೆ. ಹಳೆಯ ವಿದ್ಯಾರ್ಥಿಯೊಬ್ಬ ಸುದ್ದಿ ಮುಟ್ಟಿಸಿದ. ನಾನೀಗ ಬೆಳಗಾವಿಯಿಂದ ದೂರ ಇದ್ದೇನೆ, ಹೋಗಲಾಗಲಿಲ್ಲ. ಅವರ ಹೆಸರನ್ನು ಬರೆಯುವುದಿಲ್ಲ. ಹೆಸರು ಹಿಡಿದು ಅವರನ್ನು ಕರೆದವರೂ ಕಡಿಮೆ. ಓಣಿಗೆಲ್ಲ ಅವರು ಅಣ್ಣಾರು. ಖಾನಾಪುರದ ಹೈಸ್ಕೂಲಿನಲ್ಲಿ ಗಣಿತದ ಸರ್. ಅದೇ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಮುಂಜಾನೆ ಇಬ್ಬರೂ ಸೈಕಲ್ ಹತ್ತಿ ಬೆಳಗಾವಿ ಸ್ಟೇಶನ್ನಿಗೆ, ಅಲ್ಲಿಂದ ರೈಲಿನಲ್ಲಿ ಖಾನಾಪುರಕ್ಕೆ. ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಎಪ್ಪತ್ತರ ದಶಕದ ಆರಂಭದಿಂದ ಎಂಬತ್ತರ ದಶಕದ ಕೊನೆಯವರೆಗೆ ನನ್ನ ಜೀವನದ ದೊಡ್ಡ ಪಾಲು ಆ ರೈಲಿನಲ್ಲಿ, ಅವರ ಎದುರಿನ ಬೆಂಚಿನ ಮೇಲೆ ಕಳೆಯಿತು.

ಅಣ್ಣಾರು ಕುಳ್ಳಗಿನ ಆಸಾಮಿ. ಬಿಳಿ ಟೊಪ್ಪಿಗೆ, ಮೊಣಕೈಯಲ್ಲಿ ತೇಪೆ ಹಾಕಿದ ಕರಿ ಕೋಟು. ಆದರೆ ಮಣಿಕಟ್ಟಿನ ಮೇಲೆ ಮಾತ್ರ ಇಂದು ಒಂದು ವಾಚು, ನಾಳೆ ಇನ್ನೊಂದು. ‘ಸರ್ ಇವತ್ತು ಯಾವುದು ಕಟ್ಟಿಕೊಂಡು ಬರುತ್ತಾರೆ’ ಎಂದು ಹುಡುಗರು ಪೇರಲ ಹಣ್ಣಿನ ಪಂಥ ಕಟ್ಟುತ್ತಿದ್ದರು. ಯಾರದಾದರೂ ವಾಚು ಕೈಗೆ ಸಿಕ್ಕರೆ ಅವರು ಮೊದಲು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಎದುರಿಗಿದ್ದವರಿಗೆ ಸುಮ್ಮನಿರಿ ಎಂದು ಕೈ ಮಾಡುವರು. ಕಣ್ಣು ತೆರೆದು, “ಗಟ್ಟಿ ಐತಿ,” ಅಥವಾ “ದಮ್ಮ ಹತ್ತೇತಿ ಇದಕ್ಕ,” ಎನ್ನುವರು. ಡಾಕ್ಟರರೇ ಹೇಳಿದರೇನೋ ಎಂಬಂತೆ ನಾವು ತಲೆಯಾಡಿಸುವುದು.

ಅವರ ವಾಚುಗಳು ಇದ್ದದ್ದು ಒಂದು ಹಿತ್ತಾಳೆಯ ಪಾನಡಬ್ಬಿಯಲ್ಲಿ. ಅವರ ಅಜ್ಜಿಯದು. ಎಲೆ, ಅಡಿಕೆ, ಸುಣ್ಣ, ಲವಂಗಕ್ಕೆಂದು ಮಾಡಿದ ಖಾನೆಗಳಲ್ಲಿ ಮಖಮಲ್ಲಿನ ತುಂಡು ಹಾಸಿ ಒಂದೊಂದು ವಾಚನ್ನು ಮಲಗಿಸಿದ್ದರು. ಸ್ನಾನ ಮುಗಿದ ಮೇಲೆ, ಚಹಾಕ್ಕೆ ಮೊದಲು, ಎಲ್ಲಕ್ಕೂ ಚಾವಿ ಕೊಡುವುದು. ಆ ಕೆಲಸದಿಂದ ಬಲಗೈ ಹೆಬ್ಬೆರಳಿನ ಮೇಲೆ ಸಣ್ಣ ಗಂಟು ಬಿದ್ದಿತ್ತು. ಆಗಿನ ಸಂಗ್ರಹ ನೋಡುವ ಹಾಗಿತ್ತು. ಎಲೆಯ ಖಾನೆಯಲ್ಲಿ ಅವರ ತಂದೆಯ ಕಿಸೆ ಗಡಿಯಾರ, ಚಳಿಗಾಲದಲ್ಲಿ ಮುಂದೆ ಓಡುವುದು. ಸುಣ್ಣದ ಖಾನೆಯಲ್ಲಿ ಒಂದು ಚೌಕ ಮುಖದ್ದು, ಮಧ್ಯಾಹ್ನದ ತನಕ ನೆಟ್ಟಗಿದ್ದು ಊಟದ ಹೊತ್ತಿಗೆ ಜೋಂಪು ಹತ್ತಿದ ಹಾಗೆ ಹಿಂದೆ ಬೀಳುವುದು. ಯಾವುದನ್ನೂ ಅವರು ತಿದ್ದುತ್ತಿರಲಿಲ್ಲ. “ಮಂದಿ ಇದ್ಧಂಗ ಇರಲಿ ಬಿಡ್ರಿ. ಯಾವುದು ಎಷ್ಟ ತಪ್ಪತೈತಿ ಅನ್ನೂದು ಗೊತ್ತಿದ್ರ ಸಾಕು,” ಎನ್ನುತ್ತಿದ್ದರು. ಗಣಿತದವರ ಬಾಯಲ್ಲಿ ಇಂಥ ಮಾತು ಕೇಳಿ ನನಗೆ ಅವರ ಮೇಲೆ ಪ್ರೀತಿ ಬಂದದ್ದು.

ವಾಚನ್ನು ಅವರು ಕೊಳ್ಳುತ್ತಿರಲಿಲ್ಲ, ಮಾರುತ್ತಲೂ ಇರಲಿಲ್ಲ. ವಾಚಿಗೆ ವಾಚು, ಅದೇ ಅವರ ನೇಮ. ಒಮ್ಮೆ ಕಣಕುಂಬಿಯ ಒಬ್ಬ ಪಾಲಕ ಶಾಲೆಗೆ ಬಂದ. ಘಟ್ಟ ಇಳಿದು ಗೋವೆಗೆ ಹೋಗಿ ಬರುವವ. ಒಣಗಿಸಿದ ಆಮಸೋಲು ಹುಳಿಯ ಚೀಲದೊಳಗಿನಿಂದ ಎಲೆಯಲ್ಲಿ ಸುತ್ತಿದ ವಾಚೊಂದನ್ನು ತೆಗೆದು, “ಗುರುಜಿ, ಹೇ ಪಾಣ್ಯಾತ ಪಣ ಚಾಲತಂ,” ಎಂದ. ನೀರಲ್ಲೂ ನಡೆಯುತ್ತದೆಯಂತೆ! ಅಣ್ಣಾರು ಅದನ್ನು ಶಿಕ್ಷಕರ ಕೋಣೆಯ ನೀರಿನ ಕೊಡದಲ್ಲಿ ಬಿಟ್ಟೇಬಿಟ್ಟರು. ಹೆಡ್‌ಮಾಸ್ತರರು ನೀರು ಕುಡಿಯಲು ಬಂದು ಕೊಡದೊಳಗೆ ಹಸಿರು ಮುಳ್ಳು ಮಿಣುಕುವುದನ್ನು ಕಂಡು ಹೌಹಾರಿದರು. ವಾಚು ಸಂಜೆಯ ತನಕ ನಡೆಯಿತು, ಮರುದಿನ ಗಾಜಿನೊಳಗೆ ಮಂಜು ಕೂತಿತು. ಆದರೂ ಅಣ್ಣಾರು ಅದನ್ನು ಇಟ್ಟುಕೊಂಡು ತಮ್ಮದೊಂದು ಅಲಾರಾಂ ಗಡಿಯಾರವನ್ನು ಅವನಿಗೆ ಕೊಟ್ಟರು. “ಜಾಂಬೋಟಿ ಘಟ್ಟದ ಕಡೀ ಮಳಿ ಕಂಡ ವಾಚ ಇದು. ಮಂಜ ಇರಬೇಕಲ್ಲ ಮತ್ತ,” ಎಂದರು.

ಇಷ್ಟೆಲ್ಲ ಇದ್ದ ಮನೆಯಿಂದ ಅಕ್ಕ ನಮ್ಮಲ್ಲಿಗೆ ಗಂಟೆ ಕೇಳಲು ಬರುತ್ತಿದ್ದದ್ದು ಯಾಕೆ ಎಂಬುದು ನನಗೆ ತಿಳಿದದ್ದು ಎರಡನೆಯ ಮಳೆಗಾಲದಲ್ಲಿ. ಆ ಸಂಜೆ ರೈಲು ದೇಸೂರಿನ ಈಚೆಗೆ ನಿಂತುಬಿಟ್ಟಿತ್ತು. ಹೊರಗೆ ಮಳೆಯೋ ಮಳೆ. ಅಣ್ಣಾರು ಕಿಟಕಿಗೂ ಬಾಗಿಲಿಗೂ ಓಡಾಡುತ್ತಿದ್ದರು. ಕೂತುಕೊಳ್ಳಿ, ನೀವು ಓಡಾಡಿದರೆ ಎಂಜಿನ್ ಓಡುತ್ತದೆಯೇ ಎಂದು ನಾನು ಚೇಷ್ಟೆ ಮಾಡಿದೆ.

“ನಿಮಗೇನ್ರಿ ಮಾಸ್ತರ. ಇವತ್ತೂ ಆಕಿ ಉಪಾಸ,” ಎಂದರು.

ಅವರು ಜೈನರು. ಹೊತ್ತು ಮುಳುಗಿದ ಮೇಲೆ ಅಕ್ಕ ಒಂದು ತುತ್ತೂ ಮುಟ್ಟುವವರಲ್ಲ. ಅದರಲ್ಲೂ ಮಳೆಗಾಲದ ಚಾತುರ್ಮಾಸದಲ್ಲಿ ನೇಮ ಇನ್ನೂ ಬಿಗಿ. ಅದು ಅವರೊಬ್ಬರ ನೇಮವಲ್ಲ, ಎಷ್ಟೋ ಮನೆಗಳಲ್ಲಿ ನಡೆದದ್ದೇ. ಆದರೆ ಅಕ್ಕನದು ಇನ್ನೊಂದು ಹಟವೂ ಇತ್ತು: ಗಂಡ ಬರದೆ ಉಣ್ಣುವುದಿಲ್ಲ. ರೈಲು ಹೊತ್ತಿಗೆ ಸರಿಯಾಗಿ ಬಂದರೆ ಇಬ್ಬರೂ ಕೂಡಿ ಉಣ್ಣುವುದು, ತಡವಾದರೆ ಆಕೆ ಮರುದಿನದ ತನಕ ಹಸಿದಿರುವುದು. ನೀ ಉಂಡುಬಿಡು ಎಂದು ಅಣ್ಣಾರು ಹೇಳಿ ಹೇಳಿ ಸೋತಿದ್ದರು. ಬೆಳಗಾವಿಗೆ ವರ್ಗ ಕೇಳಿದ್ದರು, ಸಿಕ್ಕಿರಲಿಲ್ಲ. ಶಾಲೆಯ ಕೊನೆಯ ಪಾಠದ ತಾಸು ಬಿಟ್ಟು ಬರಲು ಮನಸ್ಸು ಒಪ್ಪುತ್ತಿರಲಿಲ್ಲ.

“ನೀವು ಬಾಡಗಿಗೆ ಬರೂ ಹಿಂದಿನ ವರ್ಷ ಒಂದ ಕೆಲಸ ಮಾಡಿದೆ ನೋಡ್ರಿ,” ಎಂದು ಶುರುಮಾಡಿದರು. “ಮಳಿಗಾಲದಾಗ ವಾರಗಟ್ಲೆ ಸೂರ್ಯಾನ ಕಾಣಂಗಿಲ್ಲ. ಆಕಿ ನೋಡೂದು ಗ್ವಾಡಿ ಗಡಿಯಾರ ಒಂದ. ಅದನ್ನ ಅರ್ಧಾ ತಾಸು ಹಿಂದ ಸರಿಸಿಬಿಟ್ಟೆ.”

“ಗೊತ್ತಾಗಲಿಲ್ಲೇನ್ರಿ?”

“ಮುಂಜಾನೆ ಇಷ್ಟ ಲಗೂ ಯಾಕ ಹೊಂಟ್ರಿ ಅಂತ ಕೇಳಿದ್ಲು. ಹೆಚ್ಚಿನ ತಾಸು ತಗೋಬೇಕಾಗೇತಿ ಅಂದೆ. ಪಾಪ, ನಂಬಿದ್ಲು. ನಾ ತಡಾ ಮಾಡಿ ಬಂದ್ರೂ ಗಡಿಯಾರ ಇನ್ನೂ ಹೊತ್ತೈತಿ, ಮುಳಗಿಲ್ಲ ಅಂತಿತ್ತು. ಇಬ್ರೂ ಕೂಡೇ ಉಣ್ತಿದ್ವಿ. ಖರೇ ಹೇಳ್ತೇನಿ, ಅಷ್ಟ ಚಂದ ದಿನಾ ಮತ್ತ ಬರಲಿಲ್ಲ ನಮಗ.”

ಆಮೇಲೆ ಒಂದು ಸಂಜೆ ಊಟದ ನಡುವೆ ಮಳೆ ನಿಂತಿತು. ಮೋಡ ಹರಿಯಿತು. ಅಡುಗೆಮನೆಯ ಕಿಟಕಿಯಲ್ಲಿ ಅಕ್ಕನಿಗೆ ಕಂಡದ್ದು ಇಳಿಬಿಸಿಲಲ್ಲ, ಚುಕ್ಕಿ. ಬಾಯಲ್ಲಿ ತುತ್ತಿತ್ತು. ಅವರು ಗಡಿಯಾರದ ಕಡೆ ನೋಡಿದರು, ಗಂಡನ ಕಡೆ ನೋಡಿದರು, ಎದ್ದು ಹೋಗಿ ಬಾಯಿ ತೊಳೆದುಕೊಂಡರು.

“ಬೈದ್ರ ಬೈಸ್ಕೋತಿದ್ದೆ. ಬೈಲಿಲ್ಲ. ‘ಹಸಿವಿ ನಂದಾಗಿತ್ತಲ್ರಿ, ಅದನ್ನ ಯಾಕ ಕದ್ರಿ?’ ಅಂದ್ಲು. ಅಷ್ಟ. ಅವತ್ತಿನಿಂದ ನಮ್ಮ ಮನ್ಯಾಗ ಒಂದ ಗಡಿಯಾರಾನೂ ಆಕಿ ನೋಡಿಲ್ಲ. ನನ್ನೂ ಕೇಳಂಗಿಲ್ಲ.”

ಅಷ್ಟರಲ್ಲಿ ರೈಲು ಅಲುಗಿತು. ನಾನು ಮನೆಗೆ ಬಂದು ಹೆಂಡತಿಗೆ ಹೇಳಿದೆ. ಕುಂಬಾರರ ಗಡಿಗೆಯ ಮಾತನ್ನು ಅವಳು ಆಮೇಲೆ ಆಡಲಿಲ್ಲ.

ಅಲ್ಲಿಂದ ಮುಂದೆ ಆ ಪಾನಡಬ್ಬಿ ಬದಲಾಗುವುದನ್ನು ನಾನು ಕಣ್ಣಾರೆ ಕಂಡೆ. ತಂದೆಯ ಕಿಸೆ ಗಡಿಯಾರವೊಂದನ್ನು ಬಿಟ್ಟು, ಹಿಂದೆ ಬೀಳುವುದು, ಮುಂದೆ ಓಡುವುದು, ಮಂಜು ಕೂರುವುದು ಒಂದೊಂದಾಗಿ ಹೊರಬಿದ್ದವು. ಅವುಗಳ ಜಾಗಕ್ಕೆ ನಿಷ್ಠುರ ಮುಖದ, ಇದ್ದದ್ದನ್ನು ಇದ್ದಂತೆ ಹೇಳುವ ವಾಚುಗಳು ಬಂದವು. ಅಣ್ಣಾರಿಗೆ ವಯಸ್ಸಾಯಿತು, ಶೋಕಿ ಹೋಯಿತು ಎಂದು ಶಾಲೆಯಲ್ಲಿ ಮಾತಾಡಿಕೊಂಡರು. ಮನೆಗೊಂದು ರೇಡಿಯೋ ತಂದು, ಅದರ ಗಂಟೆಯ ಸದ್ದಿಗೆ ಎಲ್ಲವನ್ನೂ ಹೊಂದಿಸಿಡಲು ಶುರುಮಾಡಿದರು. ಒಂದೊಂದು ಹೊಸ ವಾಚು ಬಂದಾಗಲೂ ಅದನ್ನು ಒಂದು ವಾರ ಅಡುಗೆಮನೆಯ ಮಾಡದಲ್ಲಿ, ಉಪ್ಪಿನ ಭರಣಿಯ ಬಾಜೂಕ ಇಡುವರು. ಅಕ್ಕ ಉಪ್ಪು ತೆಗೆದುಕೊಳ್ಳುವರು, ವಾಚನ್ನು ನೋಡರು. ಮೋಡ ಮುಚ್ಚಿದ ಸಂಜೆಯಾದರೆ ಹಿತ್ತಲ ಬಾಗಿಲು ದೂಡಿಕೊಂಡು ನಮ್ಮಲ್ಲಿಗೆ ಬರುವುದು ತಪ್ಪಲಿಲ್ಲ. ಮಾತುಕತೆಗೆ, ನಗೆಗೆ, ಗಂಡನ ಟೊಪ್ಪಿಗೆ ಒಗೆದು ಇಸ್ತ್ರಿ ಮಾಡುವುದಕ್ಕೆ ಏನೂ ಕೊರತೆ ಇರಲಿಲ್ಲ. ಸಂಸಾರ ಚೆನ್ನಾಗಿಯೇ ನಡೆದಿತ್ತು. ಗಂಟೆಯೊಂದನ್ನು ಬಿಟ್ಟು.

ತಮ್ಮ ಮೆಚ್ಚಿನ ಎರಡು ವಾಚು ಬಿಟ್ಟುಕೊಟ್ಟು ಅಣ್ಣಾರು ಒಂದು ಪುಟ್ಟ ಹೆಂಗಸರ ವಾಚು ತಂದರು. ಅಕ್ಕ ಅದನ್ನು ಸಂತೋಷದಿಂದಲೇ ಕಟ್ಟಿಕೊಂಡರು. ಬಸದಿಗೆ, ಮದುವೆ ಮುಂಜಿಗೆ ಹೋಗುವಾಗ ಕೈಮೇಲೆ ಅದು ಇದ್ದೇ ಇರುತ್ತಿತ್ತು. ಒಂದು ದಿನ ನನ್ನ ಹೆಂಡತಿ ನೋಡುತ್ತಾಳೆ, ಮುಳ್ಳು ನಿಂತಿದೆ.

“ಅಕ್ಕಾ, ಚಾವಿ ಕೊಟ್ಟಿಲ್ಲಲ್ಲ ಇದಕ್ಕ?”

“ಬಳಿ ನಡೀತಾವೇನವಾ? ಇದೂ ಒಂದ ಬಳಿ,” ಎಂದು ಅಕ್ಕ ಅದನ್ನು ಬಳೆಗಳ ನಡುವೆ ಸರಿಸಿಕೊಂಡರು.

ಮುಂದೆ ಆಟೋಮ್ಯಾಟಿಕ್ ವಾಚಿನ ಸರದಿ. ಕೈ ಆಡಿದರೆ ತಾನೇ ಚಾವಿ ತುಂಬಿಕೊಳ್ಳುವಂಥದ್ದು. ಅದನ್ನು ತಂದ ದಿನ ನಾನು ಅವರ ಮನೆಯಲ್ಲೇ ಚಹಾ ಕುಡಿಯುತ್ತಿದ್ದೆ. ಅಣ್ಣಾರು ಹುರುಪಿನಿಂದ, “ಇದಕ್ಕ ನನ್ನ ಕೈ ಹತ್ತೂದ ಬ್ಯಾಡ ನೋಡು, ತಾನ ನಡೀತೈತಿ,” ಎಂದು ಹೆಂಡತಿಯ ಮುಂದೆ ಹಿಡಿದರು. ಅಕ್ಕ ಕೈ ಒರೆಸಿಕೊಂಡು ಬಂದು ಬಹಳ ಹೊತ್ತು ನೋಡಿದರು.

“ಚಂದ ಐತಿ. ಆದ್ರ ಬಾಜೂಕ ಹಿಂದ ಮುಂದ ಮಾಡೂ ಗುಂಡಿ ಐತಲ್ರಿ?”

ಅಣ್ಣಾರು ವಾಚನ್ನು ಕೋಟಿನ ಕಿಸೆಗೆ ಹಾಕಿಕೊಂಡರು. ನಾನು ಬಸಿಯಲ್ಲಿನ ಚಹಾ ಊದುತ್ತ ಕುಳಿತೆ. ಅಕ್ಕನ ಮೇಲೆ ಆ ಕ್ಷಣ ನನಗೆ ಸಿಟ್ಟು ಬಂತು. ಇಷ್ಟು ವರ್ಷದ ಮೇಲೂ ಇಂಥ ಬಿಗಿತವೇ ಎಂದು. ಆಮೇಲೆ ಅನ್ನಿಸಿತು, ಹಸಿದುಕೊಂಡಿರುವವರು ಅವರು, ಸಿಟ್ಟಾಗಲು ನಾನು ಯಾರು?

ಎಂಬತ್ತರ ದಶಕ ಬಂತು. ಗೋವೆಯ ಕಡೆಯಿಂದ ಅಂಕಿ ವಾಚುಗಳು ಬಂದವು. ಮುಳ್ಳಿಲ್ಲ, ಚಾವಿಯಿಲ್ಲ, ಟಿಕ್ ಟಿಕ್ ಇಲ್ಲ. ಅಣ್ಣಾರು ಅಭ್ಯಾಸಬಲದಿಂದ ಕಿವಿಗೆ ಹಿಡಿದರು, ಏನೂ ಕೇಳಲಿಲ್ಲ. “ಉಸುರ ಇಲ್ಲ ಇದಕ್ಕ,” ಎಂದರೂ ತಂದರು. ಅದಕ್ಕೆ ಅಕ್ಕನ ತೀರ್ಪು, “ಇದಕ್ಕ ನಾಕೂ ದಿಕ್ಕಿನಾಗ ಗುಂಡಿ.” ಕೊನೆಗೆ ಅಣ್ಣಾರು ಪಾನಡಬ್ಬಿಯ ಬಹುಪಾಲನ್ನು ಕೊಟ್ಟು ಒಂದು ಸೆಲ್ಲಿನ ಗೋಡೆ ಗಡಿಯಾರ ತಂದು, ಹಳೆಯದರ ಮೊಳೆಗೇ ತೂಗುಹಾಕಿದರು. ವರ್ಷವಿಡೀ ಕೈ ಹಚ್ಚಬೇಕಾಗಿರಲಿಲ್ಲ. ಡಬ್ಬಿಯಲ್ಲಿ ಉಳಿದದ್ದು ತಂದೆಯ ಕಿಸೆ ಗಡಿಯಾರ ಮತ್ತು ಇನ್ನೊಂದೆರಡು. ಒಂದು ಕಾಲಕ್ಕೆ ಜಾತ್ರೆಯಂತೆ ಗಜಿಬಿಜಿ ಎನ್ನುತ್ತಿದ್ದ ಆ ಮನೆ ಈಗ ಸದ್ದಿಲ್ಲದೆ ಗಂಟೆ ತೋರಿಸುತ್ತಿತ್ತು. ನನಗಂತೂ ಆ ಹಳೆಯ ತಪ್ಪು ವಾಚುಗಳಿಗಾಗಿ ಬೇಸರವೇ ಆಯಿತು.

ಅಕ್ಕ ಹಾಸಿಗೆ ಹಿಡಿದದ್ದೂ ಮಳೆಗಾಲದಲ್ಲೇ. ದವಾಖಾನೆಯಲ್ಲಿ ಕೆಲವು ದಿನ ಇಟ್ಟುಕೊಂಡು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಯಾವ ಹೊತ್ತಾದರೂ ಸರಿ, ಹೊಟ್ಟೆಗೆ ಏನಾದರೂ ಹೋಗಬೇಕು ಎಂದು ಡಾಕ್ಟರರು ಒತ್ತಿ ಹೇಳಿದ್ದರು. ಅಣ್ಣಾರು ರಜೆ ಹಾಕಿ ಮನೆಯಲ್ಲೇ ಇದ್ದರು. ಎರಚಲಿಗೆ ಕೋಣೆಯ ಕಿಟಕಿ ಮುಚ್ಚಿದ್ದರಿಂದ ಹಗಲೂ ದೀಪ ಉರಿಯುತ್ತಿತ್ತು. ಮಲಗಿದವರಿಗೆ ಹಗಲು ಯಾವುದು, ರಾತ್ರಿ ಯಾವುದು ಎಂದು ತಿಳಿಯುವಂತಿರಲಿಲ್ಲ.

ಆ ಸಂಜೆ ನನ್ನ ಹೆಂಡತಿ ಗಂಜಿ ಮಾಡಿಕೊಂಡು ಹೋಗಿದ್ದಳು. ಅವಳು ಕಂಡದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. ಇಡೀ ದಿನ ಏನೂ ಬೇಡವೆಂದಿದ್ದ ಅಕ್ಕ ಗಂಜಿಯ ವಾಸನೆಗೆ ಕಣ್ಣು ತೆರೆದರಂತೆ. ಬಟ್ಟಲು ಹಿಡಿದುಕೊಂಡು ಇವಳು ಹಾಸಿಗೆಯ ಪಕ್ಕದಲ್ಲೇ ನಿಂತಿದ್ದಾಳೆ. ಇಷ್ಟು ವರ್ಷ ಗಂಟೆ ಕೇಳಿದ್ದು ಇವಳನ್ನೇ. ಆದರೆ ಅಕ್ಕ ಮುಖ ತಿರುಗಿಸಿ, ಕಾಲ ಬಳಿ ಕುಳಿತಿದ್ದ ಗಂಡನ ಕಡೆ ನೋಡಿ, “ಹೊತ್ತೈತೇನ್ರಿ?” ಎಂದರಂತೆ.

ನನ್ನ ಹೆಂಡತಿ ಅಣ್ಣಾರಿಗೆ ಕಣ್ಣಿನಲ್ಲೇ ಸನ್ನೆ ಮಾಡಿದಳು, ಇದೆ ಎನ್ನಿ ಎಂದು. ಅವರು ಅವಳನ್ನು ನೋಡಲಿಲ್ಲ. ಗೋಡೆಯ ಗಡಿಯಾರವನ್ನೂ ನೋಡಲಿಲ್ಲ. ಎದ್ದು ಹಿತ್ತಲಿಗೆ ಹೋಗಿ, ಮಳೆಯಲ್ಲೇ ನಿಂತು ಪಡುವಣದ ಕಡೆ ನೋಡಿ ಬಂದರು. ಒದ್ದೆ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, “ಇಲ್ಲ, ಮುಳಗೇತಿ,” ಎಂದರು.

“ಹೌದಾ?” ಎಂದು ಅಕ್ಕ ನಕ್ಕರಂತೆ. “ಹಂಗಾರ ನಾಳಿ ಉಣ್ತೇನಿ ತಂಗಿ, ಮುಚ್ಚಿಡು.”

ಆಮೇಲೂ ಕೆಲವು ದಿನ ಅವರು ಇದ್ದರು. ಆದರೆ ಮರುದಿನದಿಂದ ಗಂಟಲಲ್ಲಿ ನೀರು ಇಳಿಯುವುದೂ ಕಷ್ಟವಾಯಿತು. ಆ ಬಟ್ಟಲಿನ ಗಂಜಿಯೇ ಅವರು ಆಸೆಪಟ್ಟ ಕೊನೆಯ ಊಟ.

ಕಾರ್ಯ ಎಲ್ಲ ಮುಗಿದು ಅಣ್ಣಾರು ಮತ್ತೆ ಖಾನಾಪುರಕ್ಕೆ ಬರತೊಡಗಿದರು. ಮಣಿಕಟ್ಟು ಬೋಳಾಗಿತ್ತು. ಹುಡುಗರು ಪಂಥ ಕಟ್ಟುವುದನ್ನು ತಾವಾಗಿಯೇ ಬಿಟ್ಟರು. ರೈಲಿನಲ್ಲಿ ಒಂದು ದಿನ, ನಾನು ಏನೂ ಕೇಳದಿದ್ದರೂ, ಅವರೇ ಮಾತು ತೆಗೆದರು.

“ಹೊತ್ತೈತಿ ಅಂದಿದ್ರ ನಾಕ ಚಮಚ ಹೋಗತಿತ್ರಿ ಹೊಟ್ಯಾಗ.”

ನಾನು ಮಡಿಲಲ್ಲಿದ್ದ ಚೀಲವನ್ನು ಪಕ್ಕಕ್ಕಿಟ್ಟೆ.

“ನೀವಾಗಿದ್ರ ಏನಂತಿದ್ರಿ?”

“ಹೊತ್ತೈತಿ ಅಂತಿದ್ದೆ,” ಎಂದೆ. ಮನಸ್ಸಿನಲ್ಲಿದ್ದದ್ದು ಅದೇ.

“ಹೌದ್ರಿ. ನಾನೂ ಮದಲ ಅದನ್ನ ಮಾಡಿದ್ದೆ,” ಎಂದು ಅವರು ಕಿಟಕಿಯಾಚೆ ನೋಡಿದರು. ಇದಲಹೊಂಡದ ಗದ್ದೆಗಳಲ್ಲಿ ನಾಟಿ ಮುಗಿದಿತ್ತು. “ಆದ್ರ ನನ್ನ ಕೇಳಿದ್ಲು ನೋಡ್ರಿ. ನಿಮ್ಮಾಕಿ ಅಲ್ಲೇ ಇದ್ರೂ ನನ್ನ ಕೇಳಿದ್ಲು,” ಎಂದರು. ಟೊಪ್ಪಿಗೆಯನ್ನು ಮುಖದ ಮೇಲೆ ಎಳೆದುಕೊಂಡು, ಬೆಳಗಾವಿ ಬರುವತನಕ ನಿದ್ದೆ ಬಂದವರಂತೆ ಕೂತರು. ನಿದ್ದೆ ಬಂದಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

ಉಳಿದ ವಾಚುಗಳನ್ನು ಅವರು ಆ ವರ್ಷವೇ ಹಂಚಿಬಿಟ್ಟರು. ಬದಲಿಗೆ ಏನನ್ನೂ ತೆಗೆದುಕೊಳ್ಳಲಿಲ್ಲ. ಕಿಸೆ ಗಡಿಯಾರ ತಮ್ಮನ ಮಗನಿಗೆ ಹೋಯಿತು, ಆಟೋಮ್ಯಾಟಿಕ್ ಶಾಲೆಯ ಜವಾನನ ಕೈಗೆ. ಅಕ್ಕನ ಬಳೆಯ ವಾಚನ್ನು ನನ್ನ ಹೆಂಡತಿಗೆ ಕೊಡಲು ಬಂದಾಗ ಅವಳು ಅತ್ತು, ಬೇಡವೆಂದು, ಕೊನೆಗೆ ಇಸಿದುಕೊಂಡಳು. ಪಾನಡಬ್ಬಿ ಖಾಲಿಯಾಯಿತು. ಮರುವರ್ಷ ಅವರು ನಿವೃತ್ತರಾದರು. ನಾನು ಒಬ್ಬನೇ ರೈಲಿಗೆ ಹೋಗತೊಡಗಿದೆ.

ಒಂದು ರವಿವಾರ ಸಂಜೆ ಮಾತಾಡಿಸಿ ಬರೋಣವೆಂದು ಅವರ ಹಿತ್ತಲಿಗೆ ಹೋದೆ. ಅಣ್ಣಾರು ಕಟ್ಟೆಯ ಮೇಲೆ ತಾಟು ಇಟ್ಟುಕೊಂಡು ಊಟಕ್ಕೆ ಕುಳಿತಿದ್ದರು. ರೊಟ್ಟಿ, ಹೆಸರಕಾಳಿನ ಪಲ್ಯ, ತಾವೇ ಮಾಡಿದ್ದು. ಗೋಡೆಯ ಮೇಲೆ ಇಳಿಬಿಸಿಲು ಇನ್ನೂ ಇತ್ತು. ಅಕ್ಕ ಇದ್ದಾಗ ಅವರೇನೂ ಅಂಥ ನೇಮದವರಲ್ಲ. ಆಕೆ ಉಣ್ಣದ ದಿನ ತಾವೂ ಉಣ್ಣುತ್ತಿರಲಿಲ್ಲ, ಅಷ್ಟೇ. ಇಷ್ಟು ಬೇಗನೆ ಊಟವೇ ಎಂಬ ಮಾತು ನನ್ನ ಬಾಯಿಂದ ಜಾರಿಬಿಟ್ಟಿತು.

ಅವರು ನನ್ನನ್ನು ನೋಡಿ ನಕ್ಕರು. “ರಿಟಾಯರ್ ಆದಾಗಿಂದ ಹಿಂಗ ನೋಡ್ರಿ ಮಾಸ್ತರ. ದಿನಾ ಹೊತ್ತ ಮುಳಗೂದರೊಳಗ ಮನ್ಯಾಗ ಇರ್ತೇನಿ. ಒಂದ ದಿನಾನೂ ತಡಾ ಆಗಂಗಿಲ್ಲ,” ಎಂದರು. ಎಂದವರು ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದುಕೊಂಡು ಕುಳಿತರು. ಬಾಯಿಗೆ ಹೋಗಲಿಲ್ಲ.

ನನ್ನದು ಆಗಷ್ಟೇ ಅವಲಕ್ಕಿ, ಚಹಾ ಆಗಿತ್ತು. ಹಸಿವೆಯೇನೂ ಇರಲಿಲ್ಲ. ಆದರೂ ನಾನು ಒಳಗೆ ಹೋಗಿ ಇನ್ನೊಂದು ತಾಟು ತೊಳೆದುಕೊಂಡು ಬಂದು ಅವರ ಎದುರಿಗೆ ಕುಳಿತೆ. “ನನಗೂ ಹಾಕ್ರಿ ಅಣ್ಣಾರ,” ಎಂದೆ. ಅವರು ರೊಟ್ಟಿ ಹಾಕಿದರು. ನಾನು ಮೊದಲ ತುತ್ತು ಬಾಯಿಗಿಟ್ಟ ಮೇಲೆ ಅವರೂ ಉಣ್ಣತೊಡಗಿದರು.